ದಾಟುಗಲ್ಲಿನ ನೀರು, ಮಡುವಿನ ಹೆಸರು

ಥೆಂಜಿವೆ ಖಾಂಬುಲೆಗೆ ಹೆದರಿಕೆ ಹೊಸದಲ್ಲ. ಗುಡುಗಿದರೆ ಸಿಡಿಲು ಎರಗೀತೆಂದು ಕನ್ನಡಿಗೆ ಬಟ್ಟೆ ಹೊದಿಸುತ್ತಿದ್ದಳು, ಹುಲ್ಲಿನಲ್ಲಿ ಸರಕ್ ಎಂದರೆ ಎರಡು ಹೆಜ್ಜೆ ಹಿಂದೆ ಹಾರುತ್ತಿದ್ದಳು, ಹೆಡ್‌ಮಾಸ್ತರರು ಕೆಮ್ಮಿದರೂ ತಲೆವಸ್ತ್ರ ಸರಿಮಾಡಿಕೊಳ್ಳುತ್ತಿದ್ದಳು. ಇಷ್ಟು ಎಮದ್ವಾಲೆನಿ ಗುಡ್ಡದ ಎಲ್ಲ ಹೆಂಗಸರಿಗೂ ಇದ್ದದ್ದೇ. ಆದರೆ ಮ್ಪೋಫು ಹೊಳೆ ಗುಡ್ಡದ ಬುಡವನ್ನು ಬಳಸುವಲ್ಲಿ ಒಂದು ಮಡು ಇದೆ. ಅದರ ಹೆದರಿಕೆ ಮಾತ್ರ ಅವಳ ಮೂಳೆಯೊಳಗೇ ಕೂತಿತ್ತು.

ಅವಳು ಎಂಟು ವರ್ಷದವಳಿದ್ದಾಗ ಅಕ್ಕ ಬೋಂಗಿ ತೇಲಿಹೋದ ಬಕೆಟ್ಟಿನ ಹಿಂದೆ ಆ ಮಡುವಿಗೆ ಇಳಿದು ಮೇಲೆ ಬರಲಿಲ್ಲ. ದಡದಲ್ಲಿ ಹೆಂಗಸರೆಲ್ಲ ಸೇರಿದರು. ಒಬ್ಬರೂ ಅಳಲಿಲ್ಲ. ನೀರಿನಡಿ ವಾಸಿಸುವ ಮಡುವಿನ ಜನ ಕರೆದೊಯ್ದವರಿಗಾಗಿ ಅಳಬಾರದು ಎಂಬುದು ಗುಡ್ಡದವರ ನಂಬಿಕೆ. ಅಳದಿದ್ದರೆ ವಿದ್ಯೆ ಕಲಿಸಿ ವಾಪಸು ಕಳಿಸಿದರೂ ಕಳಿಸಿಯಾರು, ಅತ್ತರೆ ಅಲ್ಲೇ ಇಟ್ಟುಕೊಳ್ಳುತ್ತಾರೆ. ತಾಯಿ ಥೆಂಜಿವೆಯ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಆದರೂ ಬೆರಳ ಸಂದಿಯಿಂದ ಒಂದು ಬಿಕ್ಕು ಹೊರಬಿತ್ತು. ಮೂರನೆಯ ದಿನ ಬೋಂಗಿಯ ಹೆಣ ಜೊಂಡಿನಲ್ಲಿ ಸಿಕ್ಕಿತು. ಯಾರೂ ಥೆಂಜಿವೆಯನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಮೂವತ್ತೈದು ವರ್ಷ ಕಳೆದ ಮೇಲೂ ಆ ದಾರಿಯಲ್ಲಿ ಹೋಗುವಾಗ ಅವಳು ಮಡುವಿನ ಕಡೆ ಮುಖ ತಿರುಗಿಸುತ್ತಿರಲಿಲ್ಲ.

ಇಂಥವಳು ಮಕ್ಕಳಿಗೆ ಹೊಳೆಯ ಪರೀಕ್ಷೆ ಕಲಿಸುವ ಕೆಲಸಕ್ಕೆ ಬಂದದ್ದು ಸೌಟಿನ ದಾರಿಯಿಂದ. ಶಾಲೆಯ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಜೋಳ, ಅವರೆ ಬೇಯಿಸಿ ಬಡಿಸಿದವಳು ಅವಳು. ಆ ಶಾಲೆಯಲ್ಲಿ ‘ಪ್ರಯೋಗಶಾಲೆ’ ಎಂದು ಬೋರ್ಡು ಇದ್ದ ಕೋಣೆಯೊಳಗೆ ಮುರಿದ ಬೆಂಚು ಪೇರಿಸಿದ್ದರು. ವಿಜ್ಞಾನವೆಂದರೆ ಕಪ್ಪು ಹಲಗೆಯ ಮೇಲಿನ ಸೀಮೆಸುಣ್ಣ, ಅಷ್ಟೇ. ಒಂದು ದಿನ ಪಟ್ಟಣದಿಂದ ಪಿಳ್ಳೈ ಮೇಡಂ ವ್ಯಾನಿನಲ್ಲಿ ಬಲೆ, ತಟ್ಟೆ, ಬಾಟಲಿಗಳನ್ನು ತುಂಬಿಕೊಂಡು ಬಂದರು. ಮಕ್ಕಳನ್ನು ಹೊಳೆಗೆ ಕರೆದೊಯ್ಯುವಾಗ ಕಾಯಲು ಒಬ್ಬರು ಬೇಕಾದರು. ಮೇಷ್ಟ್ರುಗಳಿಗೆ ಬೂಟು ಒದ್ದೆಯಾಗುತ್ತದೆಂಬ ಚಿಂತೆ. ಅಡುಗೆಯವಳನ್ನು ಕಳಿಸಿದರು.

ಎಂಟನೇ ತರಗತಿಗೆ ಶಾಲೆ ಬಿಟ್ಟವಳು ಒಂದು ವರ್ಷದಲ್ಲಿ ಹೊಳೆಯ ಹುಳುಗಳನ್ನೆಲ್ಲ ಗುರುತಿಸತೊಡಗಿದಳು. ಪಿಳ್ಳೈ ಮೇಡಂ, “ಇನ್ನು ನೀವೇ ಕಲಿಸಿ” ಎಂದು ವ್ಯಾನು ಹತ್ತಿ ಹೋದರು. ಅಲ್ಲಿಂದ ಪ್ರತಿ ಬುಧವಾರ ಮಧ್ಯಾಹ್ನ ತಗಡಿನ ಮನೆಗಳ ಮೂವತ್ತು ಮಕ್ಕಳು ಅವಳ ಹಿಂದೆ. ಬಟ್ಟೆ ನೇತುಹಾಕುವ ತಂತಿಗೆ ಹಳೆಯ ಸೊಳ್ಳೆಪರದೆ ಹೊಲಿದ ಬಲೆ, ಐಸ್‌ಕ್ರೀಮಿನ ಖಾಲಿ ಡಬ್ಬ. ಕಾಲಿನಿಂದ ಕಲ್ಲು ಕೆದಕುವುದು, ಬಲೆ ಒಡ್ಡುವುದು, ಬಂದ ಹುಳುಗಳನ್ನು ಡಬ್ಬಕ್ಕೆ ಸುರಿದು ನೋಡುವುದು. ಶುದ್ಧ ನೀರಿನಲ್ಲಿ ಮಾತ್ರ ಬದುಕುವ ಹುಳುವಿಗೆ ಹೆಚ್ಚು ಅಂಕ, ಕೊಳಕನ್ನೂ ತಾಳುವುದಕ್ಕೆ ಕಡಿಮೆ.

“ಮಿಸ್, ಈ ಎರಡು ಬಾಲದ್ದಕ್ಕೆ ಎಷ್ಟು?”

“ಹದಿನೇಳು.”

“ಜಿಗಣೆಗೆ?”

“ಎರಡು.”

“ಗಣಿತದಲ್ಲಿ ನಂಗಿಂತ ಜಾಸ್ತಿ ತಗೊಂಡಿದೆ ಬಿಡಿ.”

ಅಂಕ ಕೂಡಿಸಿ, ಸರಾಸರಿ ತೆಗೆದು, ಚೀಟಿಯಲ್ಲಿ ಮೀನಿಗೆ ಬಣ್ಣ ತುಂಬಬೇಕು. ಹೊಳೆ ಚೆನ್ನಾಗಿದ್ದರೆ ನೀಲಿ ಮೀನು, ಕೆಟ್ಟಿದ್ದರೆ ಕೆಂಪು ಮೀನು. ಎಮದ್ವಾಲೆನಿಯ ಮಕ್ಕಳ ಮೀನು ಯಾವಾಗಲೂ ನೀಲಿ. ಮಕ್ಕಳಿಗೆ ಅದೊಂದು ಹೆಮ್ಮೆ.

ಎಡವಟ್ಟು ಇದ್ದದ್ದು ಚೀಟಿಯ ತಲೆಯಲ್ಲಿ. ಪಟ್ಟಣದಲ್ಲಿ ಅಚ್ಚಾಗಿ ಬರುತ್ತಿದ್ದ ಆ ಚೀಟಿಯಲ್ಲಿ ‘ನೀರು ತೆಗೆದ ಸ್ಥಳ: ಮಡು’ ಎಂದು ಮೊದಲೇ ಇರುತ್ತಿತ್ತು. ಥೆಂಜಿವೆ ಮಕ್ಕಳನ್ನು ಮಡುವಿಗೆ ಒಮ್ಮೆಯೂ ಕರೆದೊಯ್ದಿರಲಿಲ್ಲ. ಅದಕ್ಕಿಂತ ಮುನ್ನೂರು ಹೆಜ್ಜೆ ಮೇಲೆ, ಜನ ಹೊಳೆ ದಾಟುವ ದಾಟುಗಲ್ಲುಗಳ ಹತ್ತಿರ ನಿಲ್ಲಿಸುತ್ತಿದ್ದಳು. ಮಕ್ಕಳಿಗೂ ಅದೇ ಬೇಕಿತ್ತು. ಬಿಳಿ ಮಣಿ ಎಸೆದು ಮಡುವಿನ ಜನರ ಅಪ್ಪಣೆ ಕೇಳದೆ ಅಲ್ಲಿಗೆ ಇಳಿಯುವ ಮಗು ಆ ಗುಡ್ಡದಲ್ಲಿ ಹುಟ್ಟಿಲ್ಲ. ಕಲ್ಲು ಕೆದಕಲು ಕಲ್ಲಿರಬೇಕು, ನೀರು ಹರಿಯುತ್ತಿರಬೇಕು, ಮಡುವಿನಲ್ಲಿ ಬರೀ ಕೆಸರು ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಅದು ನಿಜವೂ ಹೌದು. ಆ ನಿಜದ ಹಿಂದೆ ಅವಳು ಎರಡು ವರ್ಷ ಆರಾಮಾಗಿ ಅಡಗಿ ಕೂತಿದ್ದಳು. ‘ಮಡು’ ಎಂಬುದನ್ನು ಹೊಡೆದುಹಾಕಿ ‘ದಾಟುಗಲ್ಲು’ ಎಂದು ಬರೆಯಲು ಎಷ್ಟು ಹೊತ್ತು ಬೇಕಿತ್ತು ಹೇಳಿ.

ಆ ವರ್ಷ ಬೇಸಿಗೆಯಲ್ಲಿ ಕೆಳಗಿನ ಕಣಿವೆಯಲ್ಲಿ ವಾಂತಿಭೇದಿ ಹಬ್ಬಿದೆ ಎಂದು ರೇಡಿಯೋದಲ್ಲಿ ಬಂತು. ಬಿಳಿ ನಿಲುವಂಗಿಯ ಕ್ರೈಸ್ತ ಸಭೆಯವರು ಪ್ರತಿ ವರ್ಷ ಮಕ್ಕಳಿಗೆ ದೀಕ್ಷೆ ಕೊಡುವುದು ಮಡುವಿನಲ್ಲಿ. ಮೂರು ಸಲ ಮುಳುಗಿಸಿ ಮೂರು ಬೊಗಸೆ ನೀರು ಕುಡಿಸುತ್ತಾರೆ. ತಾಯಂದಿರು ಹಿಂದೆಮುಂದೆ ನೋಡತೊಡಗಿದರು. ಸಭೆಯ ಹಿರಿಯ ಬಾಬಾ ನ್ಗಿದಿ ಶಾಲೆಗೆ ಬಂದು ಥೆಂಜಿವೆಯಿಂದ ಒಂದು ಚೀಟಿ ಕೇಳಿ ಪಡೆದರು. ನೀಲಿ ಮೀನಿನ ಚೀಟಿ. ಕೆಳಗೆ ಅವಳ ಸಹಿ. ಅದನ್ನು ಸಭೆಯ ಪ್ರಾರ್ಥನಾಮಂದಿರದ ಬಾಗಿಲಿಗೆ ಅಂಟಿಸಿದರು. ಇಪ್ಪತ್ತೊಂದು ಮಕ್ಕಳ ಹೆಸರು ಬಂತು. ಅದರಲ್ಲಿ ಥೆಂಜಿವೆಯ ಮಗಳು, ಹನ್ನೆರಡು ವರ್ಷದ ಝಾಮಾಳೂ ಇದ್ದಳು. ಭಾನುವಾರ ಬೆಳಿಗ್ಗೆ ದೀಕ್ಷೆ.

ಗುರುವಾರ ಬೆಳಿಗ್ಗೆ ಥೆಂಜಿವೆಯ ತಾಯಿ, ಮನೆಯಲ್ಲಿ ಎಲ್ಲರೂ ಗೋಗೊ ಅನ್ನುವ ಮುದುಕಿ, ಮೊಮ್ಮಗಳ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಝಾಮಾ ಜೋಳದ ಹಿಟ್ಟಿನ ಉಪುಥುವಿಗೆ ಮೊಸರು ಕಲೆಸಿಕೊಳ್ಳುತ್ತ ತಾಯಿಯ ಹತ್ತಿರ ಸರಿದಳು.

“ಮಾ, ಆ ಚೀಟೀಲಿ ಮಡು ಅಂತಿದೆ. ನಾವು ತೆಗೆದಿದ್ದು ದಾಟುಗಲ್ಲಲ್ಲಿ.”

“ಎರಡೂ ಒಂದೇ ಹೊಳೆ ಕಣೆ.”

“ಹಂಗಾದ್ರೆ ಎಲ್ಲಿ ತೆಗೆದಿದ್ದು ಅಂತ ಮೊದಲು ನೋಡಿ ಅಂತ ನೀನ್ಯಾಕೆ ದಿನಾ ಬಡ್ಕೋತೀಯ?” ಹುಡುಗಿ ದನಿ ತಗ್ಗಿಸಿದಳು. “ಮೇಕೆ ಹುಡುಕ್ಕೊಂಡು ಜೊಂಡಿನ ಹಿಂದೆ ಹೋಗಿದ್ದೆ. ಅಲ್ಲಿ ಚರಂಡಿ ಗುಂಡಿ ಮುಚ್ಚಳ ಎದ್ದುಬಿಟ್ಟಿದೆ. ಬೂದಿ ಬಣ್ಣದ ನೀರು ಹರೀತಿದೆ. ದಾಟುಗಲ್ಲಿಗಿಂತ ಕೆಳಗೆ.”

ಥೆಂಜಿವೆ ತಟ್ಟೆ ಪಕ್ಕಕ್ಕೆ ಸರಿಸಿದಳು. ದಾಟುಗಲ್ಲಿಗಿಂತ ಕೆಳಗೆ ಎಂದರೆ ಮಡುವಿಗಿಂತ ಮೇಲೆ.

ಶುಕ್ರವಾರ ಮಧ್ಯಾಹ್ನ ಶಾಲೆಯ ಪಾತ್ರೆ ತೊಳೆದಾದ ಮೇಲೆ ಒಬ್ಬಳೇ ಹೊರಟಳು. ಚೀಲದಲ್ಲಿ ಪಿಳ್ಳೈ ಮೇಡಂ ಕೊಟ್ಟ ಬೆರಳುದ್ದದ ಬಾಟಲಿ, ಅದರ ತಳದಲ್ಲಿ ಒಣಗಿದ ಔಷಧಿ. ನೀರು ತುಂಬಿ ಒಂದು ದಿನ ಬೆಚ್ಚಗಿಟ್ಟರೆ, ನೀರಿನಲ್ಲಿ ಮಲ ಸೇರಿದ್ದರೆ ಕಪ್ಪಾಗುತ್ತದೆ. ದಾರಿಯುದ್ದಕ್ಕೂ ನೆಲ ನೋಡಿಕೊಂಡೇ ನಡೆದಳು. ಜೊಂಡಿನ ಹಿಂದೆ ಮುಚ್ಚಳ ಎದ್ದಿದ್ದು ಕಂಡಿತು, ವಾಸನೆ ಅದಕ್ಕೂ ಮೊದಲೇ ಬಂತು. ಅಷ್ಟಕ್ಕೇ ತಿರುಗಿ ಹೋಗಬಹುದಿತ್ತು. ಆದರೆ ಮಕ್ಕಳಿಗೆ ಅವಳೇ ಹೇಳಿಕೊಟ್ಟಿದ್ದಳು, ಮೂಗು ಹೇಳಿದ್ದನ್ನು ಚೀಟಿಯಲ್ಲಿ ಬರೆಯಬಾರದು ಎಂದು.

ಮಡುವಿನ ಅಂಚಿನಲ್ಲಿ ಮಂಡಿಯೂರಿದಳು. ಕುತ್ತಿಗೆಯ ಸರದಿಂದ ಒಂದು ಬಿಳಿ ಮಣಿ ಕಿತ್ತು ಎಸೆದಳು. ಸದ್ದಿಲ್ಲದೆ ಮುಳುಗಿತು. “ಬೋಂಗಿ, ನಾನು ಕಣೆ, ಥೆಂಜಿ” ಎಂದಳು. ಉತ್ತರ ಬಂದೀತೆಂಬ ಭಯಕ್ಕೆ ಕಣ್ಣು ಮುಚ್ಚಿ ಬಾಟಲಿ ಅದ್ದಿದಳು. ನೀರು ಮಣಿಕಟ್ಟು ಮುಟ್ಟಿದಾಗ ಯಾರೋ ಹಿಡಿದಂತಾಗಿ ಕೈ ಎಳೆದುಕೊಂಡು ಹಿಂದಕ್ಕೆ ಬಿದ್ದಳು. ಆದರೆ ಬಾಟಲಿ ತುಂಬಿತ್ತು.

ಬೆಚ್ಚಗಿಡಲು ಶಾಲೆಯಲ್ಲಿ ಪೆಟ್ಟಿಗೆಯಿಲ್ಲ. ಬಡ ಶಾಲೆಗಳಲ್ಲಿ ಎಲ್ಲರೂ ಮಾಡುವ ಹಾಗೆ ಅವಳೂ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ, ಬರಿಮೈಗೆ ತಾಗುವಂತೆ ಕಟ್ಟಿಕೊಂಡಳು. ಶನಿವಾರ ಹೊತ್ತೇರುವಷ್ಟರಲ್ಲಿ ಬಿಚ್ಚಿ ನೋಡಿದರೆ ಹಂಚಿನ ತಳದಂತೆ ಕಪ್ಪಾಗಿತ್ತು. ಮತ್ತೆ ಸೊಂಟಕ್ಕೇ ಕಟ್ಟಿಕೊಂಡಳು.

ಫೋನು ತೆಗೆದು ಪಿಳ್ಳೈ ಮೇಡಂ ಹೆಸರಿನವರೆಗೆ ಹೋಗಿ ಕೆಳಗಿಟ್ಟಳು. ಎರಡು ವರ್ಷದ ಚೀಟಿಗಳೆಲ್ಲ ಸುಳ್ಳೇ ಎಂದು ಅವರು ಕೇಳಿದರೆ ಏನು ಹೇಳುವುದು? ಮಕ್ಕಳು ‘ಮಿಸ್’ ಅನ್ನುವುದು ನಿಂತು ಮತ್ತೆ ‘ಆಂಟಿ, ಇನ್ನೊಂದು ಸೌಟು’ ಎಂಬಲ್ಲಿಗೆ ಬರುತ್ತದೆ. ಅದೂ ಉಳಿದರೆ. ಹೆದರಿಕೆಗೆ ಹೀಗೊಂದು ಗುಣ, ಮೊದಲು ನಮ್ಮ ಸಣ್ಣ ಸಣ್ಣ ನಷ್ಟಗಳನ್ನೇ ದೊಡ್ಡದು ಮಾಡಿ ತೋರಿಸುತ್ತದೆ.

ಆದರೂ ಬಾಬಾ ನ್ಗಿದಿಯ ಮನೆವರೆಗೆ ಹೋದಳು. ಹೇಳಿಬಿಡಬೇಕೆಂದೇ ಹೋದಳು. ಅವರು ಅಂಗಳದಲ್ಲಿ ಕೂತು ಮಕ್ಕಳಿಗಾಗಿ ಇಪ್ಪತ್ತೊಂದು ಕೋಲುಗಳಿಗೆ ಹಸಿರು ದಾರ ಸುತ್ತುತ್ತಿದ್ದರು.

“ಬಾ ಮಗಳೇ, ಕೂತ್ಕೋ. ನಿನ್ನ ಚೀಟಿ ಇಲ್ದಿದ್ರೆ ಅರ್ಧ ತಾಯಂದಿರು ಮಕ್ಕಳನ್ನ ಕಳಿಸ್ತಾನೇ ಇರ್ಲಿಲ್ಲ. ನಾನು ದೇವರ ಮಾತು ಹೇಳ್ದೆ, ನಂಬ್ಲಿಲ್ಲ. ನಿನ್ನ ಮೀನು ನೋಡಿ ನಂಬಿದ್ರು.” ಅವರು ನಕ್ಕರು. “ಟೀ ಕುಡಿ.”

ಥೆಂಜಿವೆ ಟೀ ಕುಡಿದಳು. ಲೋಟ ತೊಳೆದಿಟ್ಟಳು. ಬಾಟಲಿ ಸೊಂಟದಲ್ಲೇ ಇತ್ತು. ಮನೆಗೆ ವಾಪಸು ಬಂದಳು.

ಹಿತ್ತಲಲ್ಲಿ ಕೋಳಿಗೆ ಕಾಳು ಹಾಕುತ್ತಿದ್ದ ಮಗಳನ್ನು ಪಕ್ಕಕ್ಕೆ ಎಳೆದಳು.

“ನಾಳೆ ನಿಂಗೆ ಹೊಟ್ಟೆನೋವು.”

“ನಂಗೇನೂ ನೋವಿಲ್ಲ.”

“ಇದೆ ಅಂತ ಹೇಳ್ತಿದೀನಲ್ಲ. ಗೋಗೊ ಕೇಳಿದ್ರೆ ಹೊಟ್ಟೆನೋವು, ಹೊಳೆಗೆ ಬರಲ್ಲ ಅನ್ನು. ಬೇರೆ ಒಂದು ಮಾತೂ ಬೇಡ.”

ಝಾಮಾ ತಾಯಿಯ ಮುಖವನ್ನೇ ನೋಡಿದಳು. “ಉಳಿದೋರಿಗೆ, ಮಾ?”

ಒಲೆಯ ಮೇಲೆ ಪಾತ್ರೆ ಇಟ್ಟಿದೀನಿ ಎಂದು ಥೆಂಜಿವೆ ಒಳಗೆ ಹೋದಳು. ಒಲೆಯ ಮೇಲೆ ಪಾತ್ರೆಯೇ ಇರಲಿಲ್ಲ. ಉಳಿದವರದ್ದು ನಾಳೆ ಬೆಳಿಗ್ಗೆ ನೋಡೋಣ, ಹೇಗಾದರೂ ಹೇಳೋಣ, ಮಳೆಯಾದರೂ ಬಂದೀತು ಎಂದು ಅವಳ ಮನಸ್ಸು ಏನೇನೋ ಹೇಳಿಕೊಂಡಿತು. ತನ್ನದೊಂದು ಉಳಿಯಿತಲ್ಲ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ಭಾನುವಾರ ಬಿಸಿಲು ಬಿತ್ತು. ಝಾಮಾ ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ ಹೊಟ್ಟೆನೋವು ಎಂದಳು. ಗೋಗೊ ಹಣೆ ಮುಟ್ಟಿ ನೋಡಿದಳು. ಥೆಂಜಿವೆ ಬಕೆಟ್ಟು ತೆಗೆದುಕೊಂಡು ಬೀದಿ ನಲ್ಲಿಗೆ ಹೋದಳು. ಸಾಲು ಉದ್ದವಿತ್ತು. ಅವಳು ಬಕೆಟ್ಟು ಹೊತ್ತು ಬರುವಾಗ ಇಳಿಜಾರಿನಲ್ಲಿ ಡೋಲಿನ ಸದ್ದು ಹೊಳೆಯ ಕಡೆ ಸಾಗುತ್ತಿತ್ತು. ಗೋಗೊ ಅವರ ಜೊತೆ ಹೋಗಿಯಾಗಿತ್ತು. ಝಾಮಾ ಹಾಸಿಗೆಯ ಮೇಲೆ ಕೂತಿದ್ದಳು. ಮೇಜಿನ ಮೇಲೆ ಹಸಿರು ದಾರ ಕಟ್ಟಿದ ಬಾಟಲಿಯೊಂದು ಖಾಲಿಯಾಗಿ ನಿಂತಿತ್ತು. ಸಭೆಯವರು ಕಾಯಿಲೆಯವರಿಗೆಂದು ಪ್ರಾರ್ಥನೆ ಮಾಡಿ ಇಟ್ಟುಕೊಳ್ಳುವ ನೀರಿನ ಬಾಟಲಿ ಅದು.

“ಇದರಲ್ಲಿದ್ದ ನೀರು?”

“ಗೋಗೊ ಕುಡಿಸಿದ್ರು. ಹೊಟ್ಟೆನೋವಿಗೆ.”

“ಪೂರ್ತಿ?”

“ಪೂರ್ತಿ ಕುಡೀಬೇಕು ಅಂದ್ರು. ಆಮೇಲೆ ಹೇಳಿದ್ರು, ನಿನ್ನೆ ಮಡುವಿಂದ ತಂದಿದ್ದು, ನಿಮ್ಮಮ್ಮ ಅಳೆದು ನೋಡಿರೋ ನೀರು, ಭಯ ಬೇಡ ಅಂತ.”

“ಬೇಡ ಅನ್ನೋಕೆ ಆಗ್ಲಿಲ್ವಾ ನಿಂಗೆ?”

“ನೋವಿಲ್ಲ ಅಂದ್ರೆ ನಿನ್ನ ಮಾತು ಸುಳ್ಳಾಗ್ತಿತ್ತು,” ಎಂದಳು ಝಾಮಾ. “ನೋವಿದೆ ಅಂದ್ರೆ ಕುಡೀಲೇಬೇಕಾಗಿತ್ತು.”

ಥೆಂಜಿವೆಯ ಕೈಯಿಂದ ಬಕೆಟ್ಟು ಜಾರಿ ನೆಲವೆಲ್ಲ ನೀರಾಯಿತು. ಪಕ್ಕದ ಮನೆಯವಳನ್ನು ಕೂಗಿ ಝಾಮಾಳ ಹತ್ತಿರ ಕೂರಿಸಿ, ಬರಿಗಾಲಲ್ಲಿ ಇಳಿಜಾರು ಓಡಿದಳು. ಎಷ್ಟು ಸಲ ಬಿದ್ದಳೋ ಅವಳಿಗೇ ಗೊತ್ತಿಲ್ಲ.

ಮಡುವಿನ ದಡದಲ್ಲಿ ಇಪ್ಪತ್ತು ಮಕ್ಕಳು ಬಿಳಿ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ಬಾಬಾ ನ್ಗಿದಿ ಸೊಂಟಮಟ್ಟ ನೀರಿನಲ್ಲಿದ್ದರು. ಸಾಲಿನ ಮೊದಲ ಹುಡುಗಿ, ಬುಧವಾರದ ಮೂವತ್ತರಲ್ಲಿ ಒಬ್ಬಳು, ಮೊಣಕಾಲವರೆಗೆ ಇಳಿದಿದ್ದಳು. ಥೆಂಜಿವೆ ದಡದಲ್ಲಿ ನಿಲ್ಲಲಿಲ್ಲ. ಮಣಿ ಎಸೆಯಲಿಲ್ಲ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಲಂಗ ಉಬ್ಬಿ ಸುತ್ತ ತೇಲುತ್ತಿರಲು ಹೋಗಿ ಆ ಹುಡುಗಿಗೂ ಬಾಬಾರಿಗೂ ನಡುವೆ ನಿಂತಳು. ಕಾಲಡಿ ಕೆಸರು ಜಗ್ಗುತ್ತಿತ್ತು. ಬೋಂಗಿ ಹೋದದ್ದು ಇಲ್ಲೇ ಎಂದು ಅವಳ ಕಾಲಿಗೆ ಗೊತ್ತಿತ್ತು.

“ಬಾಬಾ, ಚೀಟಿ ಸುಳ್ಳು.”

ಡೋಲು ಇನ್ನೂ ಬಡಿಯುತ್ತಿತ್ತು. ಅವರಿಗೆ ಕೇಳಿಸಲಿಲ್ಲ. “ದಡಕ್ಕೆ ಹೋಗು ಮಗಳೇ,” ಎಂದರು.

“ಚೀಟಿ ಸುಳ್ಳು ಬಾಬಾ. ಮಕ್ಕಳು ಅಳೆದಿದ್ದು ದಾಟುಗಲ್ಲಿನ ನೀರು. ಇಲ್ಲಿಗೆ ಬರೋಕೆ ನಂಗೆ ಹೆದ್ರಿಕೆ. ಅದಕ್ಕೆ ಅಲ್ಲಿ ಅಳೆದು ಇಲ್ಲಿನ ಹೆಸರಿಗೆ ಸಹಿ ಹಾಕ್ದೆ. ಮೇಲೆ ಚರಂಡಿ ಒಡೆದಿದೆ.” ಸೊಂಟದಿಂದ ಬಾಟಲಿ ಬಿಚ್ಚಿ ಎತ್ತಿ ಹಿಡಿದಳು. “ಈ ಮಡುವಿನ ನೀರು ಇದು. ಶುಕ್ರವಾರ ತುಂಬಿದ್ದು.”

ಡೋಲು ನಿಂತಿತು. ಬಾಬಾ ಬಾಟಲಿಯನ್ನು ಬಿಸಿಲಿಗೆ ಹಿಡಿದರು. ಬೆಳಕು ಅದರೊಳಗೆ ಹಾಯಲಿಲ್ಲ.

“ನಿನ್ನೆ ನಮ್ಮನೇಲಿ ಟೀ ಕುಡಿದ್ಯಲ್ಲ. ಆಗ್ಲೂ ಇದು ನಿನ್ನ ಹತ್ರ ಇತ್ತಾ?”

“ಇತ್ತು ಬಾಬಾ.”

“ಕಪ್ಪಾಗೇ ಇತ್ತಾ?”

“ಕಪ್ಪಾಗೇ ಇತ್ತು.”

ಅವರು ಬೈಯಲಿಲ್ಲ. ನೀರಿನಲ್ಲಿದ್ದ ಹುಡುಗಿಯನ್ನು ಎರಡೂ ಕೈಯಲ್ಲಿ ಎತ್ತಿ ದಡಕ್ಕೆ ಒಯ್ದು ನಿಲ್ಲಿಸಿ, ತಮ್ಮ ನಿಲುವಂಗಿಯ ತುದಿಯಿಂದ ಅವಳ ಕಾಲು ಒರೆಸಿದರು. ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಎಳೆದುಕೊಂಡರು. ಒಬ್ಬಳು ಥೆಂಜಿವೆಯ ಕಡೆ ಉಗುಳಿದಳು. ಆಗ ಹಿಂದಿನಿಂದ ಗೋಗೊ ಮುಂದೆ ಬಂದಳು. ಅವಳ ಮುಖ ಬೂದಿಯಾಗಿತ್ತು.

“ಥೆಂಜಿ, ನಾನು ಮಗೂಗೆ ಕುಡಿಸ್ಬಿಟ್ಟೆ,” ಎಂದಳು. “ಹೊಟ್ಟೆನೋವು ಅಂದ್ಲು, ಪೂರ್ತಿ ಕುಡಿಸ್ದೆ.”

ಝಾಮಾಳನ್ನು ಆಗಲೇ ಚಿಕಿತ್ಸಾಲಯಕ್ಕೆ ಎತ್ತಿಕೊಂಡು ಹೋದರು. ಅಲ್ಲಿನ ನರ್ಸು ನೋಡಿ, ಈಗ ಚೆನ್ನಾಗಿದ್ದಾಳೆ, ಉಪ್ಪು ಸಕ್ಕರೆ ನೀರು ಕೊಡಿ, ವಾಂತಿಭೇದಿ ಶುರುವಾದರೆ ಕರೆದುಕೊಂಡು ಬನ್ನಿ ಎಂದು ಕಳಿಸಿದಳು. ಆ ಇಡೀ ದಿನ ಥೆಂಜಿವೆ ಮಗಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಕೂತಳು. ಹೊಟ್ಟೆ ಬೆಚ್ಚಗಿತ್ತು. ಬಾಟಲಿಗೆ ಬೇಕಾದದ್ದೂ ಇಷ್ಟೇ, ಒಂದು ದಿನ, ಇಷ್ಟೇ ಬೆಚ್ಚಗೆ.

ಸೋಮವಾರ ಮಧ್ಯಾಹ್ನ ಶುರುವಾಯಿತು. ಸಂಜೆಯೊಳಗೆ ಹುಡುಗಿಯ ಕಣ್ಣು ಗುಳಿಬಿದ್ದು, ಚರ್ಮ ಹಿಂಡಿದರೆ ಹಿಂಡಿದ ಹಾಗೇ ನಿಲ್ಲತೊಡಗಿತು. ದೊಡ್ಡಾಸ್ಪತ್ರೆಗೆ ಸೇರಿಸಿ ಕೈಗೆ ಡ್ರಿಪ್ ಏರಿಸಿದರು. ಥೆಂಜಿವೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಹಲ್ಲು ಕಚ್ಚಿ, ಬಾಯಿಗೆ ತನ್ನದೇ ಅಂಗೈ ಒತ್ತಿಕೊಂಡು ಕೂತಿದ್ದಳು. ಮೂರನೆಯ ದಿನ ಬಂದಾಗ ಅವಳಿಗೆ ಉಸಿರಾಡಲೂ ಭಯವಾಯಿತು. ಬೋಂಗಿ ಸಿಕ್ಕಿದ್ದು ಮೂರನೆಯ ದಿನ. ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಗೋಗೊ ಸರಿದು ಬಂದು ಮಗಳ ಕೈಯನ್ನು ಬಾಯಿಂದ ಮೆಲ್ಲಗೆ ಕಿತ್ತು ತೆಗೆದಳು.

“ಅಳು ಮಗಳೇ. ಇದು ಮಡು ಅಲ್ಲ, ಆಸ್ಪತ್ರೆ.” ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಅಂದಳು, “ಅವತ್ತೂ ನೀನು ಅತ್ತಿದ್ದಕ್ಕೆ ಬೋಂಗಿ ಹೋಗಿದ್ದಲ್ಲ. ನಾನು ಹೇಳ್ಬೇಕಾಗಿತ್ತು. ಹೇಳ್ಲಿಲ್ಲ.”

ಮೂವತ್ತೈದು ವರ್ಷದ ಅಳು ಒಟ್ಟಿಗೆ ಬಂತು. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಆ ಸಂಜೆ ಝಾಮಾ ಎರಡು ಚಮಚ ಗಂಜಿ ಕುಡಿದು ಉಳಿಸಿಕೊಂಡಳು. ಆಮೇಲೆ ನಿಧಾನವಾಗಿ ಚೇತರಿಸಿಕೊಂಡಳು.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವಳು ಕೇಳಿದಳು, “ಮಾ, ಗೋಗೊ ನಂಗೆ ಕುಡಿಸ್ದೇ ಇದ್ದಿದ್ರೆ, ನೀನು ಅವತ್ತು ಹೊಳೆಗೆ ಓಡ್ತಿದ್ಯಾ?”

ಥೆಂಜಿವೆ ಹೌದು ಎನ್ನಲು ಬಾಯಿ ತೆರೆದಳು. “ಗೊತ್ತಿಲ್ಲ,” ಎಂದಳು.

ಪಿಳ್ಳೈ ಮೇಡಂ ಬಂದು ಎರಡು ವರ್ಷದ ಚೀಟಿಗಳನ್ನು ಅವಳ ಮುಂದೆ ಸುರಿದರು. “ನೀವೇ ತಿದ್ದಿ,” ಎಂದು ಕೆಂಪು ಪೆನ್ನು ಕೊಟ್ಟು ಹೋದರು. ಒಂದೊಂದರಲ್ಲೂ ‘ಮಡು’ ಹೊಡೆದು ‘ದಾಟುಗಲ್ಲು’ ಬರೆಯಲು ಅವಳಿಗೆ ಎರಡು ದಿನ ಹಿಡಿಯಿತು. ಮಕ್ಕಳು ಕಪ್ಪು ಬಾಟಲಿಗಳನ್ನು ಸಾಲಾಗಿ ಹಿಡಿದು ಪಟ್ಟಣದ ಪುರಸಭೆ ಕಚೇರಿಯ ಮೆಟ್ಟಿಲ ಮೇಲೆ ಕೂತ ಮೇಲೆ ಚರಂಡಿಯ ಮುಚ್ಚಳ ಮುಚ್ಚಿತು. ಸಭೆಯ ದೀಕ್ಷೆ ಈಗ ದಾಟುಗಲ್ಲಿನಲ್ಲಿ ನಡೆಯುತ್ತದೆ. ನೀರು ಮೊಣಕಾಲಷ್ಟೇ ಇರುವುದರಿಂದ ಮುಳುಗಲು ಮಲಗಬೇಕು, ಮಕ್ಕಳಿಗೆ ನಗು ತಡೆಯಲಾಗುವುದಿಲ್ಲ. ಆ ದಿನ ಉಗುಳಿದ ಹೆಂಗಸು ಇನ್ನೂ ಥೆಂಜಿವೆಯನ್ನು ಮಾತನಾಡಿಸಿಲ್ಲ.

ಬುಧವಾರದ ತರಗತಿ ನಿಂತಿಲ್ಲ. ಮೊದಲು ದಾಟುಗಲ್ಲು, ಆಮೇಲೆ ಮಡು, ಎರಡಕ್ಕೂ ಬೇರೆ ಬೇರೆ ಚೀಟಿ. ಮಡುವಿಗೆ ಮಕ್ಕಳು ಇಳಿಯುವಂತಿಲ್ಲ, ಬಾಟಲಿ ಹಿಡಿದು ಇಳಿಯುವುದು ಥೆಂಜಿವೆಯೇ. ಈಚೆಗೆ ಹೊಸದಾಗಿ ಸೇರಿದ ಪುಟ್ಟ ಹುಡುಗಿಯೊಬ್ಬಳು ದಡದಲ್ಲಿ ಪೆನ್ಸಿಲು ಹಿಡಿದು ನಿಂತು ಅವಳನ್ನೇ ನೋಡುತ್ತಿದ್ದಳು.

“ಮಿಸ್, ನಿಮ್ಮ ಕಾಲು ನಡುಗ್ತಿದೆ.”

“ಹೂಂ, ನಡುಗ್ತಿದೆ.”

“ಹೆದ್ರಿಕೆನಾ?”

“ಹೆದ್ರಿಕೇನೆ ಕಣೆ,” ಎಂದಳು ಥೆಂಜಿವೆ, ಬಾಟಲಿಯನ್ನು ನೀರಿಗೆ ಅದ್ದುತ್ತ. “ನೀನು ಬರ್ಕೋ. ಸ್ಥಳ: ಮಡು.”